ಅಟ್ಟದ ಮೇಲಿನ ವಿನೈಲ್ ಚೀಲ

ಪ್ಲಾಸ್ಟಿಕ್ಕನ್ನು ಓವನ್ನಿನಲ್ಲಿಟ್ಟು ಅದು ಎಷ್ಟು ದಿನಕ್ಕೆ ಸಾಯುತ್ತದೆಂದು ನೋಡುವುದು ನನ್ನ ಕೆಲಸ. ಅಮೆರಿಕದ ಪೊಮೊನಾ ಊರಿನ ಲ್ಯಾಬೊಂದರಲ್ಲಿ ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೇನೆ. ಬಿಸಿಯೂ ಗಾಳಿಯ ಆಮ್ಲಜನಕವೂ ಸೇರಿದರೆ ಪ್ಲಾಸ್ಟಿಕ್ ಹಳದಿಯಾಗಿ, ಪೆಡಸಾಗಿ, ಕೊನೆಗೆ ಮುರಿಯುತ್ತದೆ. ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧ. ಮನೆಗೆ ಊಟಕ್ಕೆ ಬಂದವರಿಗೆಲ್ಲ ಇದನ್ನೇ ಹೇಳಿ ತಲೆ ತಿಂದಿದ್ದೇನೆ. ಅಂಥ ಶಾಣ್ಯಾ ನಾನು.

೧೯೬೯ರಲ್ಲಿ ಊರಿಗೆ ಹೋದಾಗ ಅವ್ವ ತನ್ನ ಮದುವೆಯ ಇಳಕಲ್ ಸೀರೆಯನ್ನು ಹಳೆಯ ಧೋತ್ರದಲ್ಲಿ ಸುತ್ತಿ ಕೊಟ್ಟಳು. ಮಗಳು ಲೀಲಾಗೆ ಆಗ ಐದು ವರ್ಷ.

"ಲೀಲಾನ ಲಗ್ನಕ್ಕ ಇದನ್ನ ಉಡಸು, ಮಾಂತಾ. ನಾ ಬಂದು ನೋಡ್ತೀನಿ. ಈ ಅರಿವಿ ಮಾತ್ರ ಬಿಚ್ಚಬ್ಯಾಡ."

ಪೊಮೊನಾಕ್ಕೆ ಬಂದ ವಾರವೇ ಬಿಚ್ಚಿದೆ. ಹೆಂಡತಿ ಜಯದೇವಿ ತಡೆದಳು.

"ಅತ್ತಿಯವ್ರು ಅಷ್ಟು ಹೇಳ್ಯಾರ. ಅದರಾಗ ಇರ್ಲಿ ಬಿಡ್ರಿ."

"ಇಲ್ಲಿ ಕೆಮಿಸ್ಟ್ ಯಾರು, ನೀನೋ ನಾನೋ?"

ಲ್ಯಾಬಿನಿಂದ ತಂದ ದಪ್ಪ ವಿನೈಲ್ ಪ್ಲಾಸ್ಟಿಕ್ಕಿನ ಚೀಲದಲ್ಲಿ ಸೀರೆ ಇಟ್ಟು ಅದರ ಬಾಯಿ ಮುಚ್ಚಿದೆ. ಇಪ್ಪತ್ತೈದು ವರ್ಷ ಬಾಳುತ್ತದೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದು ಮನೆಯೊಳಗಿನ ತಂಪಿಗೆ. ಕಪಾಟಿನಲ್ಲಿ ಜಾಗವಿಲ್ಲವೆಂದು ಚೀಲವನ್ನು ಸೂರಿನಡಿಯ ಅಟ್ಟಕ್ಕೆ ಎಸೆದವನೂ ನಾನೇ. ಬೇಸಿಗೆಯಲ್ಲಿ ಅಲ್ಲಿಯ ಮರಕ್ಕೆ ಕೈ ತಾಗಿಸಲಾಗದು. ನನ್ನ ಓವನ್ನೇ ಮನೆಯ ತಲೆಯ ಮೇಲಿತ್ತು, ನನಗೆ ಹೊಳೆಯಲಿಲ್ಲ.

೧೯೮೫ರಲ್ಲಿ ಕ್ಯಾಲಬಾಸಸ್ ಊರಿನ ದೇವಸ್ಥಾನದಲ್ಲಿ ಲೀಲಾಳ ಮದುವೆ ಗೊತ್ತಾಯಿತು. ಅವ್ವ ಬಂದಳು. ಮದುವೆಯ ಹಿಂದಿನ ದಿನ ಎಲ್ಲರೆದುರು ಚೀಲ ಇಳಿಸಿದೆ. ಕಂದು ಬಣ್ಣಕ್ಕೆ ತಿರುಗಿದ್ದ ಅದು ಕೈಯಲ್ಲೇ ಹಪ್ಪಳದ ಹಾಗೆ ಮುರಿಯಿತು. ಮೂಗು ಚುರ್ರೆನ್ನುವ ವಾಸನೆ. ಬಿಸಿಗೆ ಕೆಟ್ಟ ವಿನೈಲ್ ಆಮ್ಲವನ್ನು ಬಿಡುತ್ತದೆ. ಆ ಆಮ್ಲ ಒಳಗೇ ಕೂತು ಸೀರೆಯನ್ನು ತಿಂದಿತ್ತು. ಬಿಡಿಸಿದಲ್ಲೆಲ್ಲ ಮಡಿಕೆಗಳು ಹರಿದವು. ಸೆರಗು ಪುಡಿಯಾಗಿ ಕಾರ್ಪೆಟ್ ಮೇಲೆ ಉದುರಿತು.

"ಇಟ್ಸ್ ಓಕೆ, ಅಜ್ಜಿ," ಎಂದಳು ಲೀಲಾ. ಅವಳ ಕಣ್ಣು ತುಂಬಿತ್ತು.

ಅವ್ವ ಬಯ್ಯಲಿಲ್ಲ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಹೋಗ್ಲಿ ಬಿಡಪಾ, ಸೀರಿ ಹಳೇದಾಗಿತ್ತು," ಎಂದಳು. ಆಮೇಲೆ ಸುತ್ತಮುತ್ತ ನೋಡಿದಳು. "ಆ ಧೋತ್ರ ಎಲ್ಲೈತಿ?"

"ಯಾಕವ್ವಾ?"

"ನಮ್ಮ ಲಗ್ನದಾಗ ನಿಮ್ಮಪ್ಪ ಉಟ್ಟಿದ್ದು. ಅವರದಂತ ಉಳದದ್ದು ಅದೊಂದ. ಸೀರಿ ಜೋಡಿ ಇರ್ಲಿ ಅಂತ ಕೊಟ್ಟಿದ್ದೆ."

ಜಯದೇವಿ ನನ್ನ ಮುಖ ನೋಡಿದಳು. ಆ ಧೋತ್ರವನ್ನು ನಾಲ್ಕು ತುಂಡು ಮಾಡಿ ಕಾರು ಒರೆಸಲು ಇಟ್ಟುಕೊಂಡಿದ್ದೆ. ಮೂರು ಎಂದೋ ಕಸಕ್ಕೆ ಹೋಗಿದ್ದವು. ಗ್ಯಾರೇಜಿನ ಮೊಳೆಯಲ್ಲಿ ಉಳಿದಿದ್ದ ಒಂದನ್ನು ತಂದು ಅವ್ವನ ಕೈಗೆ ಕೊಟ್ಟೆ. ತಲೆ ಎತ್ತುವ ಧೈರ್ಯ ನನಗಿರಲಿಲ್ಲ. ಅವಳು ಎರಡೂ ಕಡೆ ಹಿಡಿದು ಜಗ್ಗಿ ನೋಡಿದಳು.

"ಗಟ್ಟಿ ಐತಿ," ಎಂದಳು.

ಮರುದಿನ ಲೀಲಾ ಅಂಗಡಿಯ ಸೀರೆಯುಟ್ಟು ಕೂತಳು. ಅವ್ವ ಆ ತುಂಡನ್ನು ತೊಳೆದು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಷತೆ ಹಾಕಿದಳು. ಎಣ್ಣೆಯ ಕಲೆ ಹೋಗಿರಲಿಲ್ಲ.