ಕರೆಯದೆ ಬಂದ ಪ್ಲಗ್

ವೈರ್‌ಮನ್‌ಗೆ ಕಾಯುವುದೆಂದರೆ ಮೈ ಉರಿದುಹೋಗುತ್ತಿತ್ತು. ಅಕ್ಕನ ಮನೆಯ ದೀಪ, ಟೀವಿ, ಗೀಸರುಗಳನ್ನೆಲ್ಲ ಫೋನಿನಿಂದಲೇ ನಡೆಸುವಂತೆ ಮಾಡಿಕೊಡುತ್ತೇನೆಂದು ಒಪ್ಪಿ ಬಂದಿದ್ದ. ಗೋಡೆಗೆ ಕೂರಿಸಿದ ಬಿಳಿ ಪೆಟ್ಟಿಗೆಯೇ ಇವಕ್ಕೆಲ್ಲ ಯಜಮಾನ. ಅದರ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಬಾಗಿಲು ತೆರೆದಿಟ್ಟು, 'ಯಾರಿದ್ದೀರಿ, ಬನ್ನಿ' ಎಂದು ಗಾಳಿಯಲ್ಲೇ ಕರೆಯುತ್ತದೆ. ದೀಪ, ಟೀವಿಗಳ ಪಿನ್ನಿಗೂ ಗೋಡೆಗೂ ನಡುವೆ ಸಿಕ್ಕಿಸುವ ಹೊಸ ಪ್ಲಗ್ಗು 'ನಾನಿದ್ದೇನೆ' ಎಂದರೆ ಅದಕ್ಕೊಂದು ನಂಬರು ಕೊಟ್ಟು ಸೇರಿಸಿಕೊಳ್ಳುತ್ತದೆ. ಒಂದನ್ನು ಸೇರಿಸು, ಹೆಸರಿಡು, ಬಾಗಿಲು ಮುಚ್ಚು, ಆಮೇಲೆ ಇನ್ನೊಂದು. ಕ್ರಮ ಇದು. ಅಷ್ಟು ತಾಳ್ಮೆ ಯಾರಿಗಿದೆ? ಅವನು ಬಾಗಿಲು ಮುಚ್ಚಲೇ ಇಲ್ಲ. ಕುರಿಗಳನ್ನು ದೊಡ್ಡಿಗೆ ಹೊಡೆದ ಹಾಗೆ ಎಲ್ಲವನ್ನೂ ಒಟ್ಟಿಗೇ ಒಳಕ್ಕೆ ಹಾಕಿದ.

ಅಕ್ಕ ಫೋನಿನೊಳಗೆ ಇಣುಕಿದಳು. "ಎಲ್ಲಾ ಬರೀ ಪ್ಲಗ್ ಪ್ಲಗ್ ಅಂತಿದೆ. ಒಂದಕ್ಕೂ ಹೆಸರಿಲ್ವಲ್ಲೋ!"

"ಹುಟ್ಟಿದ ಕೂಡ್ಲೇ ನಿನಗೆ ಹೆಸರಿತ್ತಾ? ಒಂದೊಂದೇ ಆರಿಸ್ತೀನಿ, ಏನು ಆರಿತು ಅಂತ ಹೇಳು."

"ಅಡುಗೆಮನೆ ದೀಪ."

"ಈಗ?"

"ಟೀವಿ."

"ಈಗ?"

ಅಕ್ಕ ಮನೆಯೆಲ್ಲ ಸುತ್ತಿ ಬಂದಳು. "ಏನೂ ಆರಿಲ್ಲ ಕಣೋ."

"ಕಣ್ಣು ಬಿಟ್ಟು ನೋಡೇ! ಇಷ್ಟೊತ್ತು ಕರೆಂಟು ಎಳೀತಿತ್ತು ಇದು, ಫೋನಲ್ಲೇ ತೋರಿಸ್ತಿದೆ."

ಅಷ್ಟರಲ್ಲಿ ಮಹಡಿಯ ಮನೆಯಲ್ಲಿ ಏನೋ ಕೀಂ ಎಂದು ಒಂದೇ ಸಮನೆ ಅರಚತೊಡಗಿತು. ಹಿಂದೆಯೇ ಹೆಂಗಸಿನ ಚೀರಾಟ: "ಮಾವಾ!"

"ಅಯ್ಯೋ, ಮೇಲಿನ ಮನೆ ತಾತನ ಆಕ್ಸಿಜನ್ ಮೆಷಿನ್ನು! ಅದಿಲ್ದೆ ಅವರಿಗೆ ಉಸಿರೇ ಆಡಲ್ಲ, ಓಡೋ!"

ಫೋನನ್ನು ಅಕ್ಕನ ಕೈಗೆ ತುರುಕಿ ಮೆಟ್ಟಿಲು ಹಾರಿಕೊಂಡು ಓಡಿದ. ಮೇಲಿನ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು. ಸತ್ತು ಕೂತಿದ್ದದ್ದು ಮೆಷಿನ್ ಒಂದೇ. ಮೂಗಿಗೆ ಕೊಳವೆ ಹಾಕಿಕೊಂಡಿದ್ದ ತಾತ ಬಾಯಿ ತೆರೆದು ಗಾಳಿಗಾಗಿ ತಡಕಾಡುತ್ತಿದ್ದ. ತುಟಿ ನೀಲಿಗಟ್ಟಿತ್ತು. ಸೊಸೆ ಮೆಷಿನ್ನನ್ನು ಬಡಿಯುತ್ತಿದ್ದಳು.

ತಟ್ಟನೆ ಅದು ತಾನಾಗಿಯೇ ಬುಸುಗುಟ್ಟಿತು. ಸೊಸೆ "ಅಬ್ಬಾ" ಎನ್ನುವಷ್ಟರಲ್ಲಿ ಮತ್ತೆ ನಿಂತಿತು. ಹೊತ್ತಿತು. ನಿಂತಿತು.

"ದೆವ್ವಗಿವ್ವ ಹೊಕ್ಕಿದ್ಯಾ ಇದಕ್ಕೆ!" ಎಂದು ಅವಳು ಅತ್ತಳು.

ವೈರ್‌ಮನ್ ವೈರು ಹಿಡಿದು ಗೋಡೆಯವರೆಗೆ ಹೋದ. ಮೆಷಿನ್ನಿನ ಪಿನ್ನಿಗೂ ಗೋಡೆಗೂ ನಡುವೆ ಒಂದು ಬಿಳಿ ಪ್ಲಗ್ಗು. ಕೆಳಗೆ ತಾನು ಹಾಕಿದವುಗಳ ಒಡಹುಟ್ಟಿದ್ದೇ.

"ಇದನ್ನ ಯಾವಾಗ ಸಿಕ್ಕಿಸಿದ್ರಿ?"

"ಈಗ ಸ್ವಲ್ಪ ಹೊತ್ತಿಗೆ ಮುಂಚೆ ಅಣ್ಣಾ. ಪಿನ್ನು ಸಡಿಲ ಆಗಿತ್ತು. ನಮ್ಮನೆಯವರು ಯಾವತ್ತೋ ತಂದಿಟ್ಟಿದ್ರು, ಬಿಗಿಯಾಗಿ ಕೂತ್ಕೊಳ್ತು ಅಂತ..."

ಅವನಿಗೆ ಹೊಳೆಯಿತು. ಕರೆಂಟು ಸಿಕ್ಕಿದ್ದೇ ಯಜಮಾನನಿಗಾಗಿ ಹುಡುಕಾಡಿದ ಆ ಪ್ಲಗ್ಗು, ಕೆಳಗೆ ತಾನು ತೆರೆದಿಟ್ಟ ಬಾಗಿಲಿನೊಳಗೆ ಹೊಕ್ಕಿತ್ತು. ತಾತನ ಉಸಿರು ಈಗ ಅಕ್ಕನ ಹೆಬ್ಬೆರಳಿನ ತುದಿಯಲ್ಲಿತ್ತು!

ಕಿಟಕಿಗೆ ಬಾಯಿಟ್ಟು ಅರಚಿದ: "ಅಕ್ಕಾ! ಫೋನ್ ಮುಟ್ಟಬೇಡ ಕಣೇ!"

"ಇರೋ ಮಾರಾಯ, ಯಾವುದು ಅಂತ ಒತ್ತಿ ಒತ್ತಿ ನೋಡ್ತಿದ್ದೀನಿ!"

ಮೆಷಿನ್ ಮತ್ತೆ ನಿಂತಿತು.

ಅವನು ಪ್ಲಗ್ಗನ್ನು ಕಿತ್ತೆಸೆದ. ಪಿನ್ನನ್ನು ನೇರ ಗೋಡೆಗೇ ನುಗ್ಗಿಸಿ, ಜಾರದಂತೆ ಅಂಗೈಯಿಂದ ಅದುಮಿ ಹಿಡಿದ. ಮೆಷಿನ್ ಬುಸುಗುಟ್ಟಿತು. ತಾತನ ಎದೆ ಒಮ್ಮೆ ಏರಿತು. ಇಳಿಯಿತು. ಎಷ್ಟೋ ಹೊತ್ತಿಗೆ ಮತ್ತೆ ಏರಿತು. ತುಟಿಗೆ ನಿಧಾನವಾಗಿ ಬಣ್ಣ ಬಂತು.

ಸೊಸೆ ಕೈಮುಗಿದಳು. "ದೇವರು ಬಂದ ಹಾಗೆ ಬಂದ್ರಿ ಅಣ್ಣಾ."

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಮಾತು ಕೆನ್ನೆಗೆ ಬಾರಿಸಿದಂತಾಯಿತು.

"ದೇವರಂತೆ, ದೇವರು! ಕೆಳಗೆ ಕೂತು ಮೆಷಿನ್ ನಿಲ್ಲಿಸಿದ್ದೇ ನಾನು ಕಣಮ್ಮಾ. ನಿಮ್ಮ ಪ್ಲಗ್ಗು ನನ್ನ ಪೆಟ್ಟಿಗೆಗೆ ಸೇರ್ಕೊಂಡಿತ್ತು. ನೋಡದೆ ಆರಿಸಿಬಿಟ್ಟೆ."

ಮುಗಿದ ಕೈ ಬಿಟ್ಟುಹೋಯಿತು. ಅವಳು ಅವನ ಅಂಗಿಯ ಕೊರಳಪಟ್ಟಿಗೇ ಕೈ ಹಾಕಿ ಎಳೆದಳು.

ಹಾಸಿಗೆಯಿಂದ ಸಣ್ಣ ದನಿ ಬಂತು.

"ಏಯ್... ಬೈಯೋದು ಆಮೇಲಾಗ್ಲಿ." ತಾತ ಉಸಿರು ಎಳೆದುಕೊಂಡ. "ಅವನ ಕೈ... ಪಿನ್ನಿಂದ ಬಿಡಿಸಬೇಡ ಕಣೇ ತಾಯಿ."