ತಾರೇಗಟ್ಟೆಯ ಎಂಟನೇ ಹೆಸರು

ಹಿತ್ತಲಿನಲ್ಲಿ ಸೀರೆಯ ಮರೆ ಕಟ್ಟಿ, ತೀರಿಕೊಂಡ ಅಲ್ಲಾವುದ್ದೀನನ ಮೈ ತೊಳೆಯುತ್ತಿದ್ದರು. ಅದೇ ಹೊತ್ತಿಗೆ ಮಹೇಶ್ವರಪ್ಪ ಬೀದಿ ಕಡೆಯ ಕೋಣೆಯಲ್ಲಿ ಸ್ಟೂಲು ಹತ್ತಿ ನಿಂತು, ಅಟ್ಟದ ಮೇಲಿನ ಕಾಗದದ ಕಟ್ಟುಗಳನ್ನು ಒಂದೊಂದಾಗಿ ಇಳಿಸಿ, ದಾರ ಬಿಚ್ಚಿ, ಮಗುಚಿ ನೋಡಿ, ಮತ್ತೆ ಕಟ್ಟಿಡುತ್ತಿದ್ದ. ಅವನಿಗೆ ಎಪ್ಪತ್ತೆರಡು ವರ್ಷ. ಕೋಣೆಯ ತುಂಬ ಮೈದಾ ಅಂಟಿನ ಹುಳಿ ವಾಸನೆ. ಶಿಕಾರಿಪುರದ ಕಚೇರಿಗಳ ರಿಜಿಸ್ಟರಿಗೆ, ಶಾಲೆಗಳ ಹಾಜರಿ ಪುಸ್ತಕಕ್ಕೆ ಅಲ್ಲಾವುದ್ದೀನ್ ನಲವತ್ತು ವರ್ಷ ರಟ್ಟು ಹಾಕಿದ್ದು ಇದೇ ಕೋಣೆಯಲ್ಲಿ ಕೂತು.

"ಏನ್ ಹುಡುಕ್ತಿದೀರಿ ಕಾಕಾ?"

ಬಾಗಿಲಲ್ಲಿ ನಾಹಿದಾ ನಿಂತಿದ್ದಳು, ಅಲ್ಲಾವುದ್ದೀನನ ಮಗಳು. ಅತ್ತು ಅತ್ತು ಮುಖ ಊದಿತ್ತು. ಮಹೇಶ್ವರಪ್ಪನ ಕೈಯಲ್ಲಿದ್ದ ಕಟ್ಟು ಜಾರಿ ನೆಲಕ್ಕೆ ಬಿತ್ತು.

"ಏನಿಲ್ಲಮ್ಮ. ನಾವಿಬ್ರೂ ಊರೂರು ತಿರುಗಿ ಕೂಡಿಸಿದ್ದ ಹಳೇ ಕಾಗದ ಇದ್ವಲ್ಲ... ಸಾಬ್ರ ನೆನಪಿಗೆ ಒಂದಾದ್ರೂ ಇಟ್ಕೊಳ್ಳಾಣ ಅಂತ."

ನಾಹಿದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಿದ್ದ ಕಟ್ಟನ್ನು ಎತ್ತಿ ಕೊಟ್ಟಳು. "ನೋಡಿ ಕಾಕಾ. ಇವೆಲ್ಲ ನಿಮ್ವೇ ಅಲ್ವಾ? ಅಬ್ಬಾ ನಿಮ್ಮ ಹೆಸರು ಹೇಳದೆ ಒಂದು ದಿನ ಅನ್ನ ತಿನ್ಲಿಲ್ಲ." ಸ್ಟೂಲು ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತಳು.

ಅವಳು ಹಿಡಿದ ಸ್ಟೂಲಿನ ಮೇಲೆ ನಿಂತು ಮಹೇಶ್ವರಪ್ಪ ಉಳಿದ ಕಟ್ಟುಗಳನ್ನೂ ನೋಡಿದ. ಬೇಕಾದ ಕಾಗದ ಇರಲಿಲ್ಲ.

*

ಅವರಿಬ್ಬರನ್ನು ಜೊತೆ ಮಾಡಿದ್ದು ಹಳೆಯದೊಂದು ಯುದ್ಧ. ಸಾವಿರದ ಎಂಟುನೂರ ಮೂವತ್ತರಲ್ಲಿ ನಗರ ಸೀಮೆಯ ರೈತರು ಕಂದಾಯ ಕೊಡುವುದಿಲ್ಲವೆಂದು ಕೂಟ ಕಟ್ಟಿಕೊಂಡು ಎದ್ದಿದ್ದರು. ಅವರನ್ನು ಬಡಿಯಲು ಅರಮನೆಯ ಸವಾರರು ಬಂದರು. ಬಂದವರೇನೂ ಬೇರೆ ದೇಶದವರಲ್ಲ. ಇದೇ ಶಿಕಾರಿಪುರ, ಸೊರಬದ ಜನ ಎರಡೂ ಕಡೆ ನಿಂತು ಒಬ್ಬರನ್ನೊಬ್ಬರು ಕೊಂದಿದ್ದರು. ತಾರೇಗಟ್ಟೆಯ ಏಳು ಜನರನ್ನು ಕೆರೆ ಏರಿಯ ಮೇಲೆ ನೇಣು ಹಾಕಿದರೆಂದು ಊರಿನವರು ಹೇಳುತ್ತಿದ್ದರೇ ಹೊರತು ಹೆಸರು ಯಾರಿಗೂ ಗೊತ್ತಿರಲಿಲ್ಲ.

ತಾರೇಗಟ್ಟೆ ಮಹೇಶ್ವರಪ್ಪನ ಊರು. ಪೇಟೆಯಲ್ಲಿ ಅವನಿಗೆ ಗೊಬ್ಬರದಂಗಡಿ ಇತ್ತು. ಅಂಗಡಿಯ ಪುಸ್ತಕಕ್ಕೆ ರಟ್ಟು ಹಾಕಿಸಲು ಬಂದವನು, ಅಲ್ಲಾವುದ್ದೀನ್ ಒಂದು ಹಳೆಯ ಹಾಳೆಯನ್ನು ಬೆಳಕಿಗೆ ಹಿಡಿದು ತುಟಿ ಆಡಿಸುತ್ತಿದ್ದುದನ್ನು ಕಂಡಿದ್ದ. ಹಳೆಯ ಸರ್ಕಾರಿ ಕಾಗದಗಳ ಕೊಕ್ಕೆ ಕೊಕ್ಕೆಯಾದ ಮೋಡಿ ಲಿಪಿ. ಗೆದ್ದಲು ಹಿಡಿದ ದಫ್ತರಗಳನ್ನು ಹೊಲಿಯುತ್ತ ಹೊಲಿಯುತ್ತ, ಮುದುಕ ಶಾನುಭೋಗರೊಬ್ಬರ ಕಾಲ ಬುಡದಲ್ಲಿ ಕೂತು ಕಲಿತದ್ದು.

"ಇದ್ರಾಗೆ ನಿಮ್ಮೂರಿನ ಹೆಸರೈತಿ ನೋಡ್ರಿ ಗೌಡ್ರೇ," ಎಂದಿದ್ದ ಅಲ್ಲಾವುದ್ದೀನ್.

ಅಲ್ಲಿಂದ ಹತ್ತೊಂಬತ್ತು ವರ್ಷ, ವಾರಕ್ಕೊಂದು ದಿನ, ಮಹೇಶ್ವರಪ್ಪನ ಸ್ಕೂಟರಿನ ಹಿಂದೆ ಅಲ್ಲಾವುದ್ದೀನ್. ತೊಗರ್ಸಿ, ಕುಬಟೂರು, ಈಸೂರು. ಎಲ್ಲಿ ಹಳೆಯ ಪೆಟ್ಟಿಗೆ ಇದೆಯೋ ಅಲ್ಲಿ. ಮುದುಕಿಯರು ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ಬರುವ ಹೆಸರುಗಳನ್ನು ಅಲ್ಲಾವುದ್ದೀನ್ ಬರೆದುಕೊಳ್ಳುತ್ತಿದ್ದ, ಕಾಗದದಲ್ಲಿ ಅದೇ ಹೆಸರು ಸಿಕ್ಕಿದರೆ ಮಾತ್ರ ಮಸಿಯಲ್ಲಿ ತಿದ್ದುತ್ತಿದ್ದ. ಕೂಟದ ಕಡೆಯವರು, ಅರಮನೆ ಕಡೆಯವರು ಎಂದು ಎರಡು ಪಟ್ಟಿ. ಏಳೂ ಹೆಸರು ಸಿಕ್ಕಿದ ದಿನ ತಾರೇಗಟ್ಟೆಯ ಹುಲಿಯಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟು, "ನಮ್ಮಜ್ಜನ್ನ ಮನಿಗೆ ಕರ್ಕಂಡ್ ಬಂದ್ರಿ" ಎಂದು ಅತ್ತಿದ್ದಳು. ಏಳರಲ್ಲಿ ಒಬ್ಬ ಅವಳ ಮನೆಯವನು.

ಆಮೇಲೆ ಆ ಕಾಗದ ಸಿಕ್ಕಿತು. ಒಂದೇ ಹಾಳೆ. ಅಲ್ಲಾವುದ್ದೀನ್ ಅದನ್ನು ಮೂರು ದಿನ ಇಟ್ಟುಕೊಂಡು, ಓದಿದ್ದನ್ನು ಅದರ ಬೆನ್ನಿಗೆ ದುಂಡನೆಯ ಕನ್ನಡದಲ್ಲಿ ಬರೆದು, ತನ್ನ ಕೋಣೆಯ ಬಾಗಿಲು ಹಾಕಿ ತೋರಿಸಿದ: "ತಾರೇಗಟ್ಟೆಯ ಗೌಡ ಬೆನಕಪ್ಪನು ತಾನಾಗಿ ಬಂದು ಕೂಟದವರು ಅಡಗಿದ್ದ ಜಾಗ ತೋರಿಸಿದ್ದರಿಂದ ಕೆರೆ ಕೆಳಗಿನ ಗದ್ದೆ ಇನಾಮು."

ಬೆನಕಪ್ಪ ಮಹೇಶ್ವರಪ್ಪನ ವಂಶದ ಮೂಲಪುರುಷ. ಆ ಗದ್ದೆಯ ಅಕ್ಕಿಯನ್ನೇ ಅವರ ಮನೆಯಲ್ಲಿ ಇವತ್ತಿಗೂ ಉಣ್ಣುತ್ತಿದ್ದುದು.

"ಇದನ್ನ ಬಿಟ್ಬಿಡ್ರಿ ಸಾಬ್ರೇ," ಎಂದ ಮಹೇಶ್ವರಪ್ಪ.

"ಹೆಂಗ್ ಬಿಡ್ಲಿ? ನಂದೂ ಬರ್ದೀನಿ ನೋಡ್ರಿ." ಅಲ್ಲಾವುದ್ದೀನ್ ತನ್ನ ಪುಸ್ತಕದ ಕೊನೆಯ ಪುಟ ತೆಗೆದ. ಅರಮನೆ ಕಡೆಯವರ ಪಟ್ಟಿಯಲ್ಲಿ ಮೊದಲ ಹೆಸರು ಸವಾರ ಖಾಸಿಂ. ಮುಂದೆ ಅವನದೇ ಕೈಬರಹ: ಏಳು ಜನರಿಗೆ ಹಗ್ಗ ಹಾಕಿದವರಲ್ಲಿ ಒಬ್ಬ, ಇದನ್ನು ಬರೆದವನ ಮುತ್ತಜ್ಜನ ಅಪ್ಪ. "ನಾಡಿದ್ದು ಊರ ಸಭ್ಯಾಗೆ ಇಬ್ರೂ ನಿಂತು ಓದಾಣ. ಮೊದ್ಲು ನಂದು, ಆಮೇಲೆ ನಿಮ್ದು. ಜನ ಬೈದ್ರೆ ಬೈಲಿ."

*

ಶಾಮಿಯಾನದ ಕೆಳಗೆ ಹಾಕಿದ್ದ ಕುರ್ಚಿಯಲ್ಲಿ ಮಗ ನಾಗರಾಜ್ ಕಾಯುತ್ತಿದ್ದ. ಕಾರು ಓಡಿಸಿಕೊಂಡು ಬಂದಿದ್ದವನು ಅವನೇ.

"ಹೊರಡಾಣೇನಪ್ಪ? ಮುಖ ನೋಡಿದ್ದಾಯ್ತಲ್ಲ."

"ಮಣ್ಣು ಮಾಡಾತನ ಇರ್ಬೇಕು. ಜನ ಏನಂತಾರೆ?"

ಜನ ಬಹಳ ಇರಲಿಲ್ಲ. ಪಕ್ಕದ ಕುರ್ಚಿಗಳಲ್ಲಿ ಕಚೇರಿಯಿಂದ ನಿವೃತ್ತರಾದ ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಕೈ ಕೆಲಸ ಭಾಳ ಚಲೋ ಇತ್ತು ಬಿಡ್ರಿ. ಇವ್ರು ಹೊಲಿದ ರಿಜಿಸ್ಟರು ಮೂವತ್ತು ವರ್ಷ ಆದ್ರೂ ಬಿಚ್ಚಿಲ್ಲ."

"ತಾರೇಗಟ್ಟೆ ಗಲಾಟೆ ಆದ್ಮೇಲೆ ಕೆಲಸ ಕೊಡೋರೇ ಇರ್ಲಿಲ್ಲ ಪಾಪ. ಕೊನೆಕೊನೆಗೆ ಮದುವೆ ಕಾರ್ಡಿನ ಕವರ್ ಅಂಟಿಸ್ತಿದ್ರಂತೆ, ಇಷ್ಟೊಂದು ಓದಿಕೊಂಡ ಮನುಷ್ಯ."

ಒಬ್ಬ ಇನ್ನೊಬ್ಬನ ತೊಡೆ ತಟ್ಟಿ ಕಣ್ಣಿನಲ್ಲೇ ಮಹೇಶ್ವರಪ್ಪನನ್ನು ತೋರಿಸಿದ.

*

ಒಂಬತ್ತು ವರ್ಷದ ಹಿಂದಿನ ಆ ಸಭೆಯಲ್ಲಿ ಅಲ್ಲಾವುದ್ದೀನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ವೇದಿಕೆಯ ಮೇಲೆ ಅವನಿಗೂ ಕುರ್ಚಿ ಹಾಕಿದ್ದರು. ಏಳು ಜನರ ಹೆಸರಿನ ಕಲ್ಲು ನೆಡುವುದೆಂದು ಆಗಲೇ ತೀರ್ಮಾನವಾಗಿತ್ತು; ಅವನು ಪುಸ್ತಕ ಓದುವುದೊಂದೇ ಬಾಕಿ. ಎದ್ದು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮಹೇಶ್ವರಪ್ಪ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಕೊನೆಯ ಪುಟ ಬಿಚ್ಚಿ ತಾನೇ ಓದಿದ. ಖಾಸಿಮನ ಸಾಲುಗಳನ್ನು ಮಾತ್ರ. ಓದಿ ಮುಗಿಸಿ, "ಹತ್ತೊಂಬತ್ತು ವರ್ಷ ನಮ್ಮನ್ಯಾಗೆ ಉಂಡು ಇದನ್ನ ಮುಚ್ಚಿಟ್ಟಿದ್ರು. ನನಗೇ ನಿನ್ನೆ ಸಿಕ್ತು," ಎಂದ.

ಮೊದಲು ಎದ್ದವಳು ಹುಲಿಯಮ್ಮ. "ನಮ್ಮಜ್ಜನ್ನ ಕೊಂದ ಕೈಯಿಂದ ನಮ್ಮನಿ ಮಜ್ಜಿಗಿ ಕುಡಿದ್ಯೇನೋ!" ಎಂದವಳೇ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಎಸೆದಳು. ಅದು ಬಿಳಿ ಅಂಗಿಯ ಮೇಲೆ ಬಿತ್ತು. ಹಿಂದಿನಿಂದ ಯಾರೋ ಟೋಪಿ ಹಾರಿಸಿದರು, ಇನ್ಯಾರೋ ಕುತ್ತಿಗೆಗೆ ಕೈ ಹಾಕಿ ಮೆಟ್ಟಿಲಿನಿಂದ ಕೆಳಗೆ ನೂಕಿದರು. ಕನ್ನಡಕ ಒಡೆಯಿತು.

ನೆಲದಿಂದ ಎದ್ದ ಅಲ್ಲಾವುದ್ದೀನನ ಕೈ ಅಂಗಿಯ ಜೇಬಿಗೆ ಹೋಯಿತು. ಮಹೇಶ್ವರಪ್ಪ ಅದನ್ನು ನೋಡಿದ. ಆ ಹಾಳೆ ಜೇಬಿನಲ್ಲಿತ್ತು. ಮಡಿಕೆಯ ತುದಿ ಕಾಣುತ್ತಿತ್ತು. ಅಲ್ಲಾವುದ್ದೀನ್ ತಲೆಯೆತ್ತಿ ವೇದಿಕೆಯ ಕಡೆ ನೋಡಿದ. ಆಮೇಲೆ ಜೇಬಿನಿಂದ ಕೈಯನ್ನು ಬರಿದಾಗಿ ತೆಗೆದು, ಟೋಪಿಯನ್ನು ಕೊಡವಿ ಹಾಕಿಕೊಂಡು, ಮೂರು ಮೈಲಿ ದೂರದ ಬಸ್ ನಿಲ್ದಾಣಕ್ಕೆ ನಡೆದುಕೊಂಡು ಹೋದ.

ಏಳು ಹೆಸರಿನ ಕಲ್ಲಿನಲ್ಲಿ ಎಂಟು ಹೆಸರು ಕೆತ್ತಿಸಲಾಯಿತು. ಎಂಟನೆಯದು ಗೌಡ ಬೆನಕಪ್ಪ. ಮಹೇಶ್ವರಪ್ಪ ಅಲ್ಲಾವುದ್ದೀನನ ಪಟ್ಟಿಗೆ ಆ ಹೆಸರನ್ನೂ ಸೇರಿಸಿ ತನ್ನ ಪುಸ್ತಕವೆಂದು ಇನ್ನೂರು ಪ್ರತಿ ಅಚ್ಚು ಹಾಕಿಸಿದ. ಹಾಳೆಗಳನ್ನು ಆಟೋದಲ್ಲಿ ತುಂಬಿಸಿಕೊಂಡು, ಹೊಲಿದು ರಟ್ಟು ಹಾಕಲೆಂದು ತಂದು ಇಳಿಸಿದ್ದೂ ಅಲ್ಲಾವುದ್ದೀನನ ಕೋಣೆಗೇ. ಕೆಲಸ ಕೊಟ್ಟರೆ ಆ ಕಾಗದ ಕೊಟ್ಟಾನು ಎಂಬ ಲೆಕ್ಕ.

"ಆ ಹಾಳಿ ಎಲ್ಲೈತಿ ಸಾಬ್ರೇ?" ಎಂದು ಕೇಳಿದ್ದ.

ಅಲ್ಲಾವುದ್ದೀನ್ ಸೂಜಿಗೆ ದಾರ ಪೋಣಿಸುತ್ತಿದ್ದ. ಹೊಸ ಕನ್ನಡಕಕ್ಕೆ ಇನ್ನೂ ಒಗ್ಗಿರಲಿಲ್ಲ, ದಾರ ಮೂರು ಸಲ ತಪ್ಪಿತು. "ನನ್ನ ಹತ್ರ ಇಲ್ಲ."

"ಅವತ್ತು ಯಾಕ್ ಓದ್ಲಿಲ್ಲ?"

"ಒಂದೇ ದಿನ ಎರಡು ಮನಿ ಯಾಕ್ ಸುಡ್ಬೇಕು ಗೌಡ್ರೇ," ಎಂದು ಮತ್ತೆ ಸೂಜಿಯ ಕಡೆ ಬಗ್ಗಿದ.

*

ಮಧ್ಯಾಹ್ನದ ನಮಾಜು ಮುಗಿದ ಮೇಲೆ ದೇಹವಿದ್ದ ಜನಾಜಾವನ್ನು ಮಸೀದಿಯ ಅಂಗಳದಲ್ಲಿ ಇಟ್ಟರು. ಮಹೇಶ್ವರಪ್ಪ ಗೇಟಿನ ಬಳಿ, ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ನಿಂತಿದ್ದ. ಕೊನೆಯ ಪ್ರಾರ್ಥನೆಗೆ ಸಾಲು ಕಟ್ಟುವ ಮುಂಚೆ ಅಲ್ಲಾವುದ್ದೀನನ ಮಗ ಅಸ್ಲಂ ಮುಂದೆ ಬಂದು ನಿಂತ. ಬೈಕ್ ರಿಪೇರಿ ಮಾಡುವವನು, ಉಗುರಿನಲ್ಲಿ ಗ್ರೀಸು ಉಳಿದಿತ್ತು. ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದ.

"ನಮ್ಮ ಅಬ್ಬಾ ಅವ್ರಿಂದ ಯಾರಿಗಾದ್ರೂ ನೋವಾಗಿದ್ರೆ ಅಲ್ಲಾಹನಿಗೋಸ್ಕರ ಮಾಫ್ ಮಾಡಿಬಿಡಿ."

"ಮಾಫ್ ಮಾಡಿದ್ವಿ," ಎಂದರು ಜನ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಸ್ಲಂ ಗೇಟಿನ ಕಡೆ ತಿರುಗಿದ. ಅವನ ಹಿಂದೆ, ನಮಾಜಿಗೆ ಬಂದಿದ್ದವರ ನೂರು ತಲೆ ತಿರುಗಿದವು.

"ಗೌಡ್ರೇ, ನಿಮ್ಮನ್ನ ಬೇರೆಯಾಗಿ ಕೇಳ್ತೀನಿ. ನಿಮ್ಮೂರಿನ ವಿಷಯ ಮುಚ್ಚಿಟ್ಟು ಅಬ್ಬಾ ತಪ್ಪು ಮಾಡಿದ್ರು. ಆದ್ರೂ ನೀವು ಅವತ್ತು ಅಡ್ಡ ನಿಂತು, ಕೈ ಹಿಡಿದು ಬಸ್ಸು ಹತ್ತಿಸ್ದಿದ್ರೆ ಜೀವಸಹಿತ ಮನೆಗೆ ಬರ್ತಿರ್ಲಿಲ್ಲ ಅಂತ ಅವ್ರೇ ಹೇಳಿದಾರೆ. ನಿಮ್ಮೂರಿನ ಪರವಾಗಿ ನೀವೊಂದು ಮಾತು ಹೇಳಿ. ಅವ್ರು ಹಗುರಾಗಿ ಹೋಗ್ಲಿ."

ಇಂಥದೊಂದು ಸುಳ್ಳನ್ನು ಅಲ್ಲಾವುದ್ದೀನ್ ಮನೆಯವರಿಗೆ ಹೇಳಿಟ್ಟಿದ್ದನೆಂದು ಮಹೇಶ್ವರಪ್ಪನಿಗೆ ಗೊತ್ತೇ ಇರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ದೇಹ ಹತ್ತು ಹೆಜ್ಜೆ ಆಚೆಗಿತ್ತು. ನಿಜ ಹೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಪಕ್ಕದಲ್ಲಿ ನಾಗರಾಜ್ ನಿಂತಿದ್ದ. ಮುಂದಿನ ತಿಂಗಳು ಊರಿನ ಸಮುದಾಯ ಭವನಕ್ಕೆ ಬೆನಕಪ್ಪನ ಹೆಸರಿಡುವ ಕಾರ್ಯಕ್ರಮ ಇತ್ತು. ಆಹ್ವಾನಪತ್ರಿಕೆ ಅಚ್ಚಾಗಿ ಬಂದಿತ್ತು.

"ಮಾಫ್ ಮಾಡಿದೀನಪ್ಪ," ಎಂದ ಮಹೇಶ್ವರಪ್ಪ. ದನಿ ಸಣ್ಣದಾಯಿತೆಂದು ಅನಿಸಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ. "ನಮ್ಮೂರಿನ ಪರವಾಗಿ ಮಾಫ್ ಮಾಡಿದೀನಿ."

ಅಸ್ಲಂ ಬಂದು ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಕೈ ಒದ್ದೆಯಾಯಿತು. ಗುಂಪಿನಲ್ಲಿದ್ದ ಮುದುಕರೊಬ್ಬರು, "ದೊಡ್ಡ ಮನುಷ್ಯ," ಎಂದರು.

ಮಣ್ಣು ಮಾಡಿ ಬಂದ ಮೇಲೆ ಮಹೇಶ್ವರಪ್ಪ ಹೇಳಿಹೋಗಲು ಮನೆಯ ಬಾಗಿಲಿಗೆ ಬಂದ. ಒಳಗೆ ಅಲ್ಲಾವುದ್ದೀನನ ಹೆಂಡತಿ ಸುಗ್ರಾ ಬೀ ಗೋಡೆಗೆ ಒರಗಿ ಕೂತಿದ್ದಳು. ನಾಹಿದಾ ಹೊರಗೆ ಬಂದಳು.

"ಕಾಕಾ, ನಿಮಗೆ ಬೇಕಾಗಿದ್ದ ಕಾಗದ ಸಿಕ್ತಾ?"

"ಇಲ್ಲಮ್ಮ. ಒಂದು ಒಂಟಿ ಹಾಳಿ, ಮೋಡಿ ಅಕ್ಷರದ್ದು. ಹಿಂದ್ಗಡೆ ಕನ್ನಡ ಬರ್ದಿದ್ರು."

ನಾಹಿದಾ ಸ್ವಲ್ಪ ಯೋಚಿಸಿದಳು. "ನಿಮ್ಮ ಪುಸ್ತಕ ಹೊಲೀತಿದ್ದಾಗ ಅಂಟು ಕಲಸಿ ಕೊಡ್ತಿದ್ದೋಳು ನಾನೇ. ಅಂಥದೊಂದು ಹಾಳೆನ ತುಂಬಾ ಹೊತ್ತು ಕೈಯಲ್ಲಿ ಹಿಡ್ಕೊಂಡು ಕೂತಿದ್ರು. ಹರಿಯಕ್ಕೆ ಮನಸ್ಸು ಬರಲ್ಲ, ಓದಕ್ಕೂ ಆಗಲ್ಲ ಅಂತ ಹೇಳಿ ಆ ಇನ್ನೂರರಲ್ಲೇ ಒಂದು ಪುಸ್ತಕದ ರಟ್ಟಿನೊಳಗೆ ಇಟ್ಟು ಅಂಟಿಸಿಬಿಟ್ರು. ಯಾವ ಪುಸ್ತಕ ಅಂದ್ರೆ ನಕ್ಕರು ಅಷ್ಟೇ. ಅದೇನಾ ಕಾಕಾ?"

"ಅದಲ್ಲ ಬಿಡಮ್ಮ," ಎಂದ ಮಹೇಶ್ವರಪ್ಪ.

ಕಾರಿನಲ್ಲಿ ಕೂತ ತಕ್ಷಣ, ಪುಸ್ತಕದಲ್ಲಿ ತಪ್ಪು ಇದೆಯೆಂದೂ, ಹೊಸ ರಟ್ಟು ಹಾಕಿಸಿ ಕೊಡುತ್ತೇವೆಂದೂ, ಊರಲ್ಲಿ ಹಂಚಿದ್ದ ಎಲ್ಲರ ಮನೆಯ ಪ್ರತಿಗಳನ್ನೂ ಇವತ್ತೇ ವಾಪಸು ತರಿಸಬೇಕೆಂದೂ ನಾಗರಾಜನಿಗೆ ಹೇಳಿದ. ನಾಗರಾಜ್ ಗಾಡಿ ಓಡಿಸುತ್ತಲೇ ಊರಿಗೆ ಫೋನು ಮಾಡಿದ.

ಹೊತ್ತು ಇಳಿಯುವ ಮುಂಚೆ ಮಹೇಶ್ವರಪ್ಪ ತಾರೇಗಟ್ಟೆಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದ. ಸ್ನಾನವನ್ನೂ ಮಾಡಿರಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಇಪ್ಪತ್ತೆರಡು ಪ್ರತಿಗಳ ರಟ್ಟನ್ನು ಅಡಕೆ ಕೊಯ್ಯುವ ಚೂರಿಯಿಂದ ಸೀಳಿ ಮುಗಿಸಿದ್ದ. ಸುತ್ತ ರಟ್ಟಿನ ಚೂರು. ಹೊಲಿಗೆ ಮಾತ್ರ ಎಲ್ಲೂ ಬಿಟ್ಟಿರಲಿಲ್ಲ.

ಮೊದಲು ಬಂದವಳು ಹುಲಿಯಮ್ಮ. ಎದೆಗೆ ಅವುಚಿಕೊಂಡಿದ್ದ ಕೆಂಪು ವಸ್ತ್ರ ಬಿಚ್ಚಿ ಪುಸ್ತಕವನ್ನು ಹೊರಗೆ ತೆಗೆದಳು. ರಟ್ಟಿನ ಮೇಲೆ ಅರಿಶಿನ ಕುಂಕುಮ ಮೆತ್ತಿಕೊಂಡಿತ್ತು.

"ದೇವ್ರ ಜಗಲಿ ಮ್ಯಾಲೆ ಇಟ್ಟು ದಿನಾ ದೀಪ ಹಚ್ತೀನ್ರಿ ಗೌಡ್ರೇ. ನಮ್ಮಜ್ಜ, ನಿಮ್ಮಜ್ಜ ಇಬ್ರೂ ಇದ್ರಾಗೇ ಅದಾರಲ್ಲ. ನಿನ್ನೆನೂ ಓದೀನಿ." ಅವಳು ಏಳನೇ ಇಯತ್ತೆ ತನಕ ಕಲಿತವಳು. "ಮಣ್ಣಿಗೆ ಹೋಗಿದ್ರಂತೆ? ಹೋದ್ನಾ ಆ ಮನೆಹಾಳ?"

"ಹೋದ," ಎಂದ ಮಹೇಶ್ವರಪ್ಪ. "ಇಟ್ಟು ಹೋಗವ್ವ. ಆಮೇಲೆ ಕಳಿಸ್ತೀನಿ."

"ಇಲ್ರಿ, ದೇವ್ರ ಮುಂದಿಂದು. ಇಲ್ಲೇ ಕುಂತು ಮಾಡಿಸ್ಕೊಂಡು ಒಯ್ತೀನಿ." ಹುಲಿಯಮ್ಮ ಪುಸ್ತಕವನ್ನು ಅವನ ಕೈಗಿಟ್ಟು, ಎದುರಿಗೆ ಕಾಲು ಮಡಿಚಿ ಕೂತು, ಸೊಂಟಕ್ಕೆ ಸಿಕ್ಕಿಸಿದ್ದ ಕನ್ನಡಕ ತೆಗೆದು ಹಾಕಿಕೊಂಡಳು.

ಮಹೇಶ್ವರಪ್ಪ ಮುಂದಿನ ರಟ್ಟನ್ನು ಬೆರಳಿನಿಂದ ಒತ್ತಿ ನೋಡಿದ. ಮಗುಚಿ ಹಿಂದಿನದನ್ನು ಒತ್ತಿ ನೋಡಿದ. ಹಿಂದಿನದು ಮುಂದಿನದಕ್ಕಿಂತ ಒಂದು ಹಾಳೆಯಷ್ಟು ಹೆಚ್ಚು ದಪ್ಪವಿತ್ತು.