ನದಿಗೆ ಬೆನ್ನು ಹಾಕಿದ ಜಿಂಕೆ

ಜಿಲ್ಲೆಯ ಲಾಂಛನದ ಜಿಂಕೆ ನದಿಗೆ ಬೆನ್ನು ಹಾಕಿ, ತಲೆ ತಗ್ಗಿಸಿ ನಿಂತಿದೆ. ಮರಿಯನ್ನು ಹೊಳೆ ಕೊಂಡೊಯ್ದ ಮೇಲೆ, ಬಾಯಾರಿ ಸತ್ತರೂ ಅದು ಆ ನೀರು ಮುಟ್ಟಲಿಲ್ಲವಂತೆ. ಶಾಲೆಯ ಮಕ್ಕಳಿಗೆಲ್ಲ ಈ ಕಥೆ ಬಾಯಿಪಾಠ.

ಮೂವತ್ತು ವರ್ಷ ಒತ್ತಿ ಒತ್ತಿ ಲಾಂಛನದ ಉಕ್ಕಿನ ಅಚ್ಚು ಸವೆದುಹೋಗಿತ್ತು. ಅದನ್ನು ಕೆತ್ತಿದವನ ಮಗಳಿಗೇ ಹೊಸದರ ಕೆಲಸ ಬಂತು. ಮೂಲದಂತೆಯೇ ಇರಬೇಕು ಎಂದು ಕಚೇರಿಯವರು ಬರೆದಿದ್ದರು. ಅವಳು ಕಪಾಟೆಲ್ಲ ಜಾಲಾಡಿ ಮೂಲ ಚಿತ್ರವನ್ನು ಹುಡುಕಿ ತೆಗೆದಳು. ಅದರಲ್ಲಿ ಜಿಂಕೆ ನದಿಯತ್ತ ಬಾಗಿ ನೀರು ಕುಡಿಯುತ್ತಿತ್ತು.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಜೊತೆಗಿದ್ದ ಎರಡು ತೆಳು ಹಾಳೆಗಳನ್ನು ಕಂಡಳು: ಒಂದರಲ್ಲಿ ನದಿ, ಇನ್ನೊಂದರಲ್ಲಿ ಜಿಂಕೆ. ಅಚ್ಚಿಗೆ ಚಿತ್ರ ಇಳಿಸುವಾಗ ಹಾಳೆಯನ್ನು ಮಗುಚಿ ಹಾಕಬೇಕು. ಆಗಲೇ ಒತ್ತಿದಾಗ ಅದು ಸರಿಯಾಗಿ ಮೂಡುವುದು. ನದಿಯನ್ನು ಮಗುಚಿದ ಕೈ ಜಿಂಕೆಯನ್ನು ಮಗುಚಿರಲಿಲ್ಲ. ಹಾಗಾಗಿ ಒತ್ತಿದಾಗ ಜಿಂಕೆ ನದಿಗೆ ಬೆನ್ನು ಹಾಕಿ ಮೂಡಿತ್ತು.

ಅಪ್ಪ ಕನ್ನಡಕ ಒರೆಸುತ್ತಲೇ ತಪ್ಪು ತನ್ನದೆಂದು ಒಪ್ಪಿಕೊಂಡ. ಗೊತ್ತಾಗುವಷ್ಟರಲ್ಲಿ ಊರಿಗೆ ಊರೇ ಕಥೆ ಹೇಳತೊಡಗಿತ್ತಂತೆ. ಅದಕ್ಕೂ ಮುಂಚೆ ಅಂಥ ಕಥೆಯನ್ನು ಅವನು ಕೇಳಿಯೇ ಇರಲಿಲ್ಲವಂತೆ.

"ಈಗಲಾದ್ರೂ ಸರಿ ಮಾಡಮ್ಮ. ನಾನು ಕಣ್ಣು ಮುಚ್ಚೋದ್ರೊಳಗೆ ಅದು ನೀರು ಕುಡೀಲಿ."

ಬಟ್ಟೆ ಮಡಚುತ್ತಿದ್ದ ಅತ್ತೆ, ಅಪ್ಪನ ಅಕ್ಕ, ಕೈಯಲ್ಲಿದ್ದ ಟವೆಲಿನ ಸಮೇತ ಎದ್ದು ಬಂದಳು. ಆರು ವರ್ಷದ ಮಗನನ್ನು ಹೊಳೆಗೆ ಕೊಟ್ಟು ತಮ್ಮನ ಮನೆ ಸೇರಿದವಳು.

"ಅವನದ್ಯಾವ ತಪ್ಪು? ಹಾಳೆ ಇಟ್ಟು ಅಚ್ಚಿಗೆ ಚಿತ್ರ ಇಳಿಸಿದವಳು ನಾನು. ನಿಮ್ಮಪ್ಪ ನಾನು ಹಾಕಿಕೊಟ್ಟ ಗೆರೆ ಮೇಲೆ ಉಳಿ ಓಡಿಸ್ದ, ಅಷ್ಟೇ."

"ಬೇಕಂತಲೇ ಹಾಗೆ ಹಾಕಿದ್ರಾ ಅತ್ತೆ?"

"ಮಗು ಹೋಗಿ ಹನ್ನೊಂದು ದಿನ ಆಗಿತ್ತು. ಬೇಕಂತ ಹಾಕಿದ್ನೋ, ಮರೆತ್ನೋ, ನಂಗೇ ಗೊತ್ತಿಲ್ಲ ಕಣೆ."

ಜಿಂಕೆಯ ಕಥೆ ಯಾರದು ಎಂದು ಕೇಳಿದರೆ, ಅಜ್ಜಿ ಹೇಳುತ್ತಿದ್ದಳು ಎಂದಳು ಅತ್ತೆ. ಮರುಕ್ಷಣವೇ, ಇಲ್ಲ, ತಾನೇ ನಲ್ಲಿ ಹತ್ತಿರ ಯಾರಿಗೋ ಹೇಳಿದ್ದಿರಬೇಕು ಎಂದಳು. ಮಗಳು ಅಪ್ಪನ ಮುಖ ನೋಡಿದಳು. ಮೂವತ್ತು ವರ್ಷ ಹೊತ್ತ ತಪ್ಪನ್ನು ಅಕ್ಕ ತನ್ನದೆಂದರೂ ಅವನ ಮುಖ ಹಗುರಾದಂತೆ ಕಾಣಲಿಲ್ಲ. ತನ್ನಿಂದ ಏನನ್ನೋ ಕಿತ್ತುಕೊಂಡವಳನ್ನು ನೋಡುವಂತೆ ಅಕ್ಕನನ್ನೇ ನೋಡುತ್ತಿದ್ದ.

ಮಗಳು ಜಿಂಕೆಯ ಹಾಳೆಯನ್ನು ಆ ಕಡೆ ಮಗುಚಿದಳು, ಈ ಕಡೆ ಮಗುಚಿದಳು. ಉಕ್ಕಿನಲ್ಲಿ ಒಮ್ಮೆ ಕೊರೆದರೆ ಅಳಿಸಲಾಗದು.

ಅಪ್ಪ ಅವಳ ಕೈಯಿಂದ ಹಾಳೆ ತೆಗೆದು ಅಕ್ಕನಿಗೆ ಕೊಟ್ಟ. "ನೀನೇ ಹಾಕು. ಈ ಸಲ ನೋಡ್ಕೊಂಡು ಹಾಕು."

ಅತ್ತೆ ಟವೆಲನ್ನು ಹೆಗಲಿಗೆ ಹಾಕಿಕೊಂಡು, ನೋಡಿಕೊಂಡೇ, ಜಿಂಕೆಯನ್ನು ಮಗುಚದೆ ಹಾಕಿದಳು.